ರಿಪೋರ್ಟ್ ಇಲ್ಲದ ಕಾಯಿಲೆ

ಮೊನ್ನೆ ಬೆಳಿಗ್ಗೆ ಬಚ್ಚಲುಮನೆಯಲ್ಲಿ ತಲೆಗೆ ನೀರು ಹುಯ್ದುಕೊಳ್ಳಲು ಚೊಂಬು ಎತ್ತಿದವನು ಕಿಟಕಿಯ ಕಡೆ ನೋಡಿ ಚೊಂಬನ್ನು ಹಾಗೇ ಕೈಬಿಟ್ಟೆ. ಅಲ್ಲಿ ನನ್ನ ಎದೆ ಇತ್ತು. ಉತ್ಪ್ರೇಕ್ಷೆಯಲ್ಲ ಸ್ವಾಮಿ, ನನ್ನದೇ ಎದೆ. ಎರಡೂ ಕಡೆಯ ಪಕ್ಕೆಲುಬು, ನಡುವೆ ಎಡಕ್ಕೆ ವಾಲಿದ ಹೃದಯ, ಮೂಲೆಯಲ್ಲಿ ಬಿಳಿ ಅಕ್ಷರದಲ್ಲಿ ನನ್ನ ಹೆಸರು ಮತ್ತು ವಯಸ್ಸು. ಹಿಂದಿನಿಂದ ಬಿಸಿಲು ಬಿದ್ದು ಎಲ್ಲವೂ ಜಗಜಗಿಸುತ್ತಿತ್ತು. ಒಡೆದ ಗಾಜಿನ ಜಾಗಕ್ಕೆ ನನ್ನ ಎಕ್ಸ್-ರೇ ಹಾಳೆಯನ್ನು ಅಳತೆಗೆ ಕತ್ತರಿಸಿ ನಾಲ್ಕು ಮೂಲೆಗೂ ಮೊಳೆ ಹೊಡೆಯಲಾಗಿತ್ತು.

"ಸರೋಜಾ!" ಎಂದು ಕೂಗಿದೆ.

"ಏನಾಯ್ತ್ರೀ? ಜಾರಿ ಬಿದ್ರಾ?" ಹೆಂಡತಿ ಹೊರಗಿನಿಂದಲೇ ಕೇಳಿದಳು.

"ನನ್ನ ಎದೆಗೆ ಮೊಳೆ ಹೊಡೆದಿದ್ದೀಯಲ್ಲೇ!"

"ಗಾಜು ಹಾಕ್ಸಿ ಹಾಕ್ಸಿ ಅಂತ ಎರಡು ತಿಂಗಳಿಂದ ಬಡ್ಕೊಂಡೆ, ಕೇಳಿದ್ರಾ? ನೀವು ಸ್ನಾನ ಮಾಡೋದು ಪಕ್ಕದ ಮನೆಯವ್ರಿಗೆ ಕಾಣ್ತಾ ಇತ್ತು. ಆ ಹಾಳೇಲಿ ಹೆಂಗಿದ್ರೂ ಎಲ್ಲಾ ನಾರ್ಮಲ್ ಅಲ್ವಾ, ಬೀರೂಲಿ ಇಟ್ಕೊಂಡು ಪೂಜೆ ಮಾಡ್ಬೇಕಾ?"

ಒಂದು ಕಾಲದಲ್ಲಿ ಆ ಹಾಳೆಯನ್ನು ಹಸುಗೂಸಿನಂತೆ ಎರಡೂ ಕೈಯಲ್ಲಿ ಹಿಡಿದು ಬಸ್ಸು ಹತ್ತುತ್ತಿದ್ದೆ. ಸೀಟು ಸಿಗದಿದ್ದರೆ, 'ಸ್ವಲ್ಪ ಇದನ್ನ ಹಿಡ್ಕೊಳ್ಳಿ, ಮಡಚಬೇಡಿ' ಎಂದು ಗುರುತಿಲ್ಲದವರ ತೊಡೆಯ ಮೇಲೆ ಇಡುತ್ತಿದ್ದೆ. ಅದು ಒಂಟಿಯೂ ಅಲ್ಲ. ಅದರ ಜೊತೆಗೆ ಇನ್ನೂ ಎರಡು ಎಕ್ಸ್-ರೇ, ಆರು ಇಸಿಜಿ, ಹೊಟ್ಟೆಯ ಎರಡು ಸ್ಕ್ಯಾನಿಂಗ್, ರಕ್ತದ ರಿಪೋರ್ಟುಗಳಂತೂ ಮದುವೆ ಪತ್ರಿಕೆಯ ಕಟ್ಟಿನಷ್ಟು ದಪ್ಪ. ಎಲ್ಲದರ ಮೇಲೂ ನಾರ್ಮಲ್, ನಾರ್ಮಲ್, ನಾರ್ಮಲ್. ಆ ಪದ ಕಂಡರೆ ನನಗೆ ಮೈ ಉರಿಯುತ್ತಿತ್ತು.

ನಾನು ಯಾರು ಎಂದು ಹೇಳದೆಯೇ ಎದೆ ತೋರಿಸಿಬಿಟ್ಟೆ, ಕ್ಷಮಿಸಿ. ನನ್ನ ಹೆಸರು ಮುನಿರಾಜು. ಹೋಳೂರಿನ ಪಕ್ಕದ ನಮ್ಮ ಹಳ್ಳಿಯಲ್ಲಿ ಹಾಲಿನ ಡೈರಿಯ ಸೆಕ್ರೆಟರಿ. ಇಪ್ಪತ್ತೊಂದು ವರ್ಷದಿಂದ ದಿನಕ್ಕೆರಡು ಸಲ, ಬೆಳಿಗ್ಗೆ ಆರಕ್ಕೆ ಮತ್ತು ಸಂಜೆ ಐದೂವರೆಗೆ, ಊರಿನ ಹಾಲನ್ನು ಅನುಮಾನಿಸುವುದು ನನ್ನ ಉದ್ಯೋಗ. ಜನ ಪಾತ್ರೆ ಹಿಡಿದು ಸಾಲಾಗಿ ನಿಲ್ಲುತ್ತಾರೆ. ನಾನು ಹಾಲಿಗೆ ಲ್ಯಾಕ್ಟೋಮೀಟರಿನ ಗಾಜಿನ ಬುರುಡೆ ಬಿಡುತ್ತೇನೆ. ಅದು ಎಷ್ಟು ಮುಳುಗುತ್ತದೆ ಎನ್ನುವುದರಲ್ಲಿ ಹಾಲಿನ ಡಿಗ್ರಿ, ಡಿಗ್ರಿಯಲ್ಲಿ ನೀರು, ನೀರಿನಲ್ಲಿ ಮನುಷ್ಯನ ಯೋಗ್ಯತೆ. ಹಾಲು ನೋಡಲು ಎಷ್ಟೇ ಚೆನ್ನಾಗಿರಲಿ, ನಾನು ನಂಬುವವನಲ್ಲ. ಸ್ವಂತ ಮಾವ ಬಂದು ಹಾಲು ಹಾಕಿದಾಗಲೂ ಬುರುಡೆ ಬಿಟ್ಟು ನೋಡಿ, 'ಮಾವ, ಇವತ್ತು ಡಿಗ್ರಿ ಕಮ್ಮಿ' ಎಂದು ಸಾಲಿನ ಎದುರಿಗೇ ಹೇಳಿದವನು ನಾನು. ಆ ದೀಪಾವಳಿಗೆ ಮಾವನ ಮನೆಯಿಂದ ಕರೆಯೇ ಬರಲಿಲ್ಲ.

ಇಂಥವನ ಕಣ್ಣು ಒಂದು ದಿನ ಹಾಲು ಬಿಟ್ಟು ತನ್ನ ಮೈಯ ಕಡೆ ತಿರುಗಿದರೆ ಏನಾಗುತ್ತದೆ?

ಚಿಕ್ಕಂದಿನಲ್ಲಿ ನನಗೆ ಕಾಯಿಲೆಯ ಭಯವೇ ಇರಲಿಲ್ಲ, ಆಸೆ ಇತ್ತು. ನಮ್ಮ ಕಡೆ ಆಗ ಬ್ರೆಡ್ಡು ಎನ್ನುವುದು ತಿಂಡಿಯಲ್ಲ, ಔಷಧ. ಜ್ವರ ಬಂದವರಿಗೆ ಮಾತ್ರ ಬ್ರೆಡ್ಡು ಸಿಗುತ್ತಿತ್ತು. ಅಪ್ಪ ಹೋಳೂರಿನಿಂದ ಮೇಣದ ಕಾಗದದಲ್ಲಿ ಸುತ್ತಿದ ಬ್ರೆಡ್ಡು ತಂದರೆ ಇಡೀ ಮನೆ ರೋಗಿಯ ಮಂಚದ ಸುತ್ತ ಗೌರವದಿಂದ ನಿಲ್ಲುತ್ತಿತ್ತು. ಬಿಸಿ ಹಾಲಲ್ಲಿ ಅದ್ದಿದ ಆ ತುಂಡು ಬಾಯಿಗೆ ಹೋಗುವಷ್ಟರಲ್ಲಿ ಮುರಿದು ಲೋಟಕ್ಕೆ ಬೀಳುತ್ತಿತ್ತು, ಅದನ್ನು ಬೆರಳಿನಿಂದ ಎತ್ತಿ ತಿನ್ನುವ ಸುಖವೇ ಬೇರೆ. ಕಂಕುಳಲ್ಲಿ ಈರುಳ್ಳಿ ಇಟ್ಟುಕೊಂಡರೆ ಜ್ವರ ಬರುತ್ತದೆ ಎಂದು ನನಗೆ ಹೇಳಿಕೊಟ್ಟವನು ನಮ್ಮಣ್ಣ ವೆಂಕಟೇಶ, ನನಗಿಂತ ಐದು ವರ್ಷ ದೊಡ್ಡವನು. ನಾನು ಈರುಳ್ಳಿ ಇಟ್ಟುಕೊಂಡು ನರಳಬೇಕು, ಅವನು ಅಮ್ಮನ ಹತ್ತಿರ ಓಡಿ ಹೋಗಿ 'ಮುನಿಗೆ ಮೈ ಸುಡ್ತಾ ಇದೆ' ಎನ್ನಬೇಕು, ಬಂದ ಬ್ರೆಡ್ಡಿನಲ್ಲಿ ಅರ್ಧ ಅವನಿಗೆ. ಜ್ವರ ಒಂದು ಸಲವೂ ಬರಲಿಲ್ಲ, ಈರುಳ್ಳಿ ವಾಸನೆ ಮಾತ್ರ ಬಂತು. ಅಮ್ಮ ಇಬ್ಬರಿಗೂ ಸೌಟಿನಲ್ಲಿ ಬಾರಿಸಿದಳು.

ಆ ಅಣ್ಣ ಎರಡೂವರೆ ವರ್ಷದ ಹಿಂದೆ ಹೋಗಿಬಿಟ್ಟ. ಬೆಳಿಗ್ಗೆ ಇದ್ದವನು ಹತ್ತು ಗಂಟೆಗೆ ಟೊಮೇಟೊ ತೋಟದಲ್ಲಿ ಕಡ್ಡಿ ಕಟ್ಟುತ್ತಾ ಹಾಗೇ ಕುಸಿದ. ಹಾರ್ಟ್ ಅಟ್ಯಾಕ್ ಎಂದರು. ಐವತ್ತೇ ವಯಸ್ಸು. ಅದರ ಬಗ್ಗೆ ಇನ್ನೊಂದು ಮಾತು ಹೇಳಲಿಕ್ಕಿದೆ, ಆದರೆ ಈಗ ಬೇಡ. ಈಗ ಹೇಳಿದರೆ ಮುಂದಕ್ಕೆ ಬರೆಯಲಾಗುವುದಿಲ್ಲ.

ಅಣ್ಣನ ತಿಥಿ ಮುಗಿದ ವಾರವೇ ನನಗೆ ಮೊದಲ ಆಘಾತ. ಡೈರಿಯ ಹಾಲೆಲ್ಲ ಅಳೆದಾದ ಮೇಲೆ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿದ್ದ ಬಕೆಟ್ಟನ್ನು ಕೆಳಗಿಟ್ಟು, ಸುಮ್ಮನೆ ಹತ್ತಿ ನಿಂತೆ. ಅರವತ್ತನಾಲ್ಕು ಕೆಜಿ ನಾನ್ನೂರು ಗ್ರಾಂ. ನಾನು ಅರವತ್ತೆಂಟರ ಮನುಷ್ಯ! ಹೊಸ ತಕ್ಕಡಿ ಬಂದ ದಿನ ಊರಿನವರೆಲ್ಲ ಒಬ್ಬೊಬ್ಬರಾಗಿ ಹತ್ತಿ ನೋಡಿದಾಗ ನನ್ನದು ಸರಿಯಾಗಿ ಅರವತ್ತೆಂಟಿತ್ತು. ಮೂರು ಕೆಜಿ ಆರುನೂರು ಗ್ರಾಂ ಎಲ್ಲಿ ಹೋಯಿತು? ಹಾಲಿನ ಕ್ಯಾನಿನ ಮೇಲೆ ಕೂತುಬಿಟ್ಟೆ. ಕಾರಣವಿಲ್ಲದೆ ತೂಕ ಇಳಿದರೆ ಅದು ಯಾವ ಕಾಯಿಲೆ ಎಂದು ಯಾರಿಗೆ ಗೊತ್ತಿಲ್ಲ? ಗೊತ್ತಿಲ್ಲದಿದ್ದರೆ ಫೋನ್ ಹೇಳುತ್ತದೆ. ಅದು ಹೇಳಿತು. ಒಂದಲ್ಲ, ಹನ್ನೊಂದು ಕಾಯಿಲೆ ಹೇಳಿತು, ಒಂದಕ್ಕಿಂತ ಒಂದು ಭಯಂಕರ.

ಅವತ್ತಿನಿಂದ ಶುರು. ಹಾಲು ಮುಗಿದ ಮೇಲೆ ದಿನಾ ಬಕೆಟ್ ಇಳಿಸಿ ಹತ್ತುವುದು, ಅರವತ್ತನಾಲ್ಕು ನಾನ್ನೂರು ನೋಡಿ ಬೆವರುವುದು. ಹೆಂಡತಿ ರಾಗಿಮುದ್ದೆ ಎರಡರ ಜಾಗಕ್ಕೆ ಮೂರು ಹಾಕಿದಳು. ತುಪ್ಪ ಸುರಿದಳು. ತಕ್ಕಡಿ ಕದಲಲಿಲ್ಲ, ಬಹಳ ಅಂದರೆ ನೂರು ಗ್ರಾಂ ಆಚೆ ಈಚೆ. ಇಷ್ಟು ತಿಂದರೂ ಮೈಗೆ ಹತ್ತುತ್ತಿಲ್ಲವೆಂದರೆ ಒಳಗೆ ಏನೋ ತಿನ್ನುತ್ತಿದೆ ಎಂದೇ ಅರ್ಥ ಎಂದು ತೀರ್ಮಾನಿಸಿದೆ. ನಾಲ್ಕು ತಿಂಗಳಾದ ಮೇಲೆ ಒಂದು ಸಂಜೆ ಸರೋಜ ಟೀ ತಂದವಳು ನಾನು ತಕ್ಕಡಿ ಹತ್ತುವುದನ್ನು ನೋಡಿದಳು.

"ಅಲ್ರೀ, ಬಕೆಟ್ ಇಟ್ಟು ಸೊನ್ನೆ ಮಾಡಿರ್ತೀರಿ, ಬಕೆಟ್ ತೆಗೆದು ನಿಂತ್ರೆ ಅದರ ತೂಕ ಕಳೀದೆ ಏನ್ ಮಾಡುತ್ತೆ?"

ಬಕೆಟ್ಟನ್ನು ತೂಗಿ ನೋಡಿದೆವು. ಮೂರು ಕೆಜಿ ಆರುನೂರು ಗ್ರಾಂ. ಇಪ್ಪತ್ತೊಂದು ವರ್ಷ ಊರಿಗೆಲ್ಲ ತೂಕದ ಪಾಠ ಹೇಳಿದ ಸೆಕ್ರೆಟರಿ ನಾಲ್ಕು ತಿಂಗಳು ಬಕೆಟ್ಟಿನ ತೂಕಕ್ಕೆ ಹೆದರಿ ಸಾಯುತ್ತಿದ್ದ! ಸರೋಜ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾನೂ ನಗಲು ನೋಡಿದೆ. ಆದರೆ ನಿಜ ಹೇಳುತ್ತೇನೆ ಕೇಳಿ, ನನಗೆ ಸಮಾಧಾನವಾಗಲಿಲ್ಲ. ಸರಿಯಾಗಿ ಸೊನ್ನೆ ಮಾಡಿ ನಿಂತರೆ ಈಗ ಅರವತ್ತೆಂಟು ಕೆಜಿ ನೂರು ಗ್ರಾಂ. ಅಷ್ಟೊಂದು ಮುದ್ದೆ ತುಪ್ಪ ತಿಂದೂ ಬರೀ ನೂರು ಗ್ರಾಮಾ ಎಂದು ಮಾರನೇ ದಿನವೇ ಹೊಸ ಚಿಂತೆ ಹತ್ತಿತು.

ಆಮೇಲೆ ಕುತ್ತಿಗೆಯಲ್ಲಿ ಒಂದು ಗಂಟು ಸಿಕ್ಕಿತು. ಕಡಲೆಕಾಳಿನಷ್ಟು. ದಿನಕ್ಕೆ ನಲವತ್ತು ಸಲ ಒತ್ತಿ ನೋಡಿದೆ, ಹದಿನೈದು ದಿನಕ್ಕೆ ಅದು ಅವರೆಕಾಳಾಯಿತು, ನೋವೂ ಬಂತು. ಕೋಲಾರದ ಡಾಕ್ಟರು ಬೆರಳಿಟ್ಟು ನೋಡಿ, "ಗಂಟು ಎಲ್ಲರಿಗೂ ಇರುತ್ತೆ. ಇದು ಊದಿರೋದು ನಿಮ್ಮ ಬೆರಳಿನಿಂದ. ಒತ್ತೋದು ಬಿಡಿ" ಎಂದರು. ಬೆರಳಿನಿಂದ ಗಂಟು ಊದುತ್ತದಂತೆ! ಈ ಮನುಷ್ಯನಿಗೆ ಓದು ಸಾಲದು ಎಂದುಕೊಂಡು, ಅವರಿಗೆ ಗೊತ್ತಾಗದಂತೆ ಶ್ರೀನಿವಾಸಪುರಕ್ಕೆ ಹೋದೆ. ಅಲ್ಲಿಯೂ ಅದೇ ಮಾತು. ಮಾಲೂರಿನಲ್ಲಿ ನಂಟರ ಮದುವೆಗೆ ಹೋದವನು ಊಟಕ್ಕೆ ಕೂರುವ ಬದಲು ಎದುರಿಗೆ ಬೋರ್ಡು ಕಂಡಿತೆಂದು ಲ್ಯಾಬಿಗೆ ನುಗ್ಗಿ ರಕ್ತ ಕೊಟ್ಟು ಬಂದೆ. ಮುಯ್ಯಿ ಮಾಡುವಾಗ ತೆಗೆದ ಫೋಟೋದಲ್ಲಿ ನನ್ನ ಮೊಣಕೈಗೆ ಹತ್ತಿ ಅಂಟಿಸಿರುವುದು ಇವತ್ತಿಗೂ ಕಾಣುತ್ತದೆ.

ಬೆಂಗಳೂರಿನ ದೊಡ್ಡ ಆಸ್ಪತ್ರೆಗೂ ಹೋದೆ. ಹೊಟ್ಟೆ ಸ್ಕ್ಯಾನಿಂಗ್ ಮಾಡಿ ಏನೂ ಇಲ್ಲ ಎಂದರು. ಆ ಸಂಜೆ ಬಸ್ಸಿನಲ್ಲಿ ಕೂತಾಗ ಎಷ್ಟು ಹಗುರವಾಗಿತ್ತು ಗೊತ್ತೇ? ಪಕ್ಕದವನಿಗೆ ಕಡಲೆಕಾಯಿ ಕೊಟ್ಟೆ. ಹೊಸಕೋಟೆ ದಾಟಿತು, ಹಾಡು ಗುನುಗುತ್ತಿದ್ದೆ. ನರಸಾಪುರದ ಹತ್ತಿರ ಫ್ಯಾಕ್ಟರಿ ಶಿಫ್ಟು ಬಿಟ್ಟು, ಕಂಪನಿ ಬಸ್ಸುಗಳು ಅಡ್ಡ ಬಂದು ನಮ್ಮ ಬಸ್ಸು ನಿಂತಿತು. ನಿಂತ ಬಸ್ಸಿನಲ್ಲಿ ಯೋಚನೆ ಓಡಿತು. ಸ್ಕ್ಯಾನಿಂಗ್ ಮಾಡಿದ ಹುಡುಗಿ ಬಲಗಡೆ ಅಷ್ಟು ಹೊತ್ತು ಒತ್ತಿದಳು, ಎಡಗಡೆ ಬೇಗ ಬಿಟ್ಟಳು. ಯಾಕೆ ಬಿಟ್ಟಳು? ಎಡಗಡೆ ಸರಿಯಾಗಿ ನೋಡಲೇ ಇಲ್ಲವಲ್ಲ! ಕೋಲಾರದಲ್ಲಿ ಇಳಿಯುವಷ್ಟರಲ್ಲಿ ನನ್ನ ಕೈ ಎಡ ಪಕ್ಕೆಯ ಮೇಲಿತ್ತು.

ಊರಲ್ಲಿ ನನ್ನ ಸುದ್ದಿ ಹರಡದೆ ಇರುತ್ತದೆಯೇ? ಎಂಬತ್ತು ದಾಟಿದ ಚಿಕ್ಕಮುನಿಯಮ್ಮ ದಿನಾ ಬೆಳಿಗ್ಗೆ ಅರ್ಧ ಲೀಟರ್ ಹಾಲು ತರುತ್ತಾಳೆ. ಆಕೆಯ ಬಾಯಿಗೆ ಬರುವುದು ತೆಲುಗೇ. ಪಾತ್ರೆ ಮುಂದಿಟ್ಟು ಕಣ್ಣು ಕಿರಿದು ಮಾಡಿ, "ಏಮಿ ನಾಯನಾ, ಇಂಕಾ ಉನ್ನಾವಾ?" ಎನ್ನುವಳು. ಏನಪ್ಪಾ, ಇನ್ನೂ ಇದ್ದೀಯಾ ಎಂದು! ಸಾಲಿನಲ್ಲಿದ್ದವರೆಲ್ಲ ಗೊಳ್ಳೆನ್ನುವರು. ನನಗೆ ಮೈಯೆಲ್ಲ ಕೋಪ. ಆದರೂ ಪಾತ್ರೆ ಈಸಿಕೊಳ್ಳುವ ನೆಪದಲ್ಲಿ ಬಗ್ಗಿ, "ಅಜ್ಜಿ, ನನ್ನ ಮುಖ ಬಿಳುಚಿಕೊಂಡಂಗೆ ಕಾಣುತ್ತಾ?" ಎಂದು ಮೆಲ್ಲಗೆ ಕೇಳುತ್ತಿದ್ದೆ.

ಕೊನೆಗೆ ಸರೋಜಳೇ ನನ್ನನ್ನು ಮುಳಬಾಗಿಲಿಗೆ ಎಳೆದುಕೊಂಡು ಹೋದಳು. ಅಲ್ಲಿ ಅವಳ ತವರಿನವರು ಮೊದಲಿಂದ ತೋರಿಸುವ ಒಬ್ಬ ವಯಸ್ಸಾದ ಡಾಕ್ಟರು ಇದ್ದಾರೆ, ಮಾತು ಕಡಿಮೆ. ನಾನು ಫೈಲನ್ನು ಮೇಜಿನ ಮೇಲೆ ಇಟ್ಟೆ. ಅವರು ಒಂದೊಂದೇ ಹಾಳೆ ತಿರುಗಿಸಿದರು, ಇಪ್ಪತ್ತು ನಿಮಿಷ. ನನ್ನ ಮೈಯನ್ನೂ ಪೂರ್ತಿ ಪರೀಕ್ಷೆ ಮಾಡಿದರು. ಆಮೇಲೆ ಕೇಳತೊಡಗಿದರು.

"ದಿನದಲ್ಲಿ ಎಷ್ಟು ಹೊತ್ತು ಇದೇ ಯೋಚನೆ?"

"ಹಾಲು ಅಳೆಯೋ ಹೊತ್ತು ಬಿಟ್ಟು ಸಾರ್. ಈಗೀಗ ಆಗಲೂ ಬರುತ್ತೆ."

"ಮೈ ಎಷ್ಟು ಸಲ ಮುಟ್ಟಿ ನೋಡ್ಕೋತೀರಿ?"

ಹೇಳಿದೆ.

"ನಾರ್ಮಲ್ ರಿಪೋರ್ಟ್ ಬಂದ ಮೇಲೆ ಸಮಾಧಾನ ಎಷ್ಟು ದಿನ ಇರುತ್ತೆ?"

"ದಿನ ಎಲ್ಲಿ ಸಾರ್? ನರಸಾಪುರದವರೆಗೆ."

ಅವರು ನಗಲಿಲ್ಲ. ಬರೆದುಕೊಂಡರು. "ಇದಕ್ಕೆ ಹೆದರಿ ಯಾವುದಾದ್ರೂ ಜಾಗಕ್ಕೆ ಹೋಗೋದು ಬಿಟ್ಟಿದ್ದೀರಾ?"

"ಇಲ್ಲ" ಎಂದೆ. ಸರೋಜ ಪಕ್ಕದಿಂದ, "ಭಾವನ ಮನೆಗೆ ಹೋಗಲ್ಲ ಸಾರ್. ಒಂದೇ ಬೀದಿ, ಎರಡು ಮನೆ ದಾಟಿದ್ರೆ ಸಿಗುತ್ತೆ. ಹಿಂದಿನ ಓಣಿಯಿಂದ ಸುತ್ತಾಕ್ಕೊಂಡು ಡೈರಿಗೆ ಹೋಗ್ತಾರೆ" ಎಂದಳು. ಅವಳು ಇದನ್ನು ಗಮನಿಸಿದ್ದಾಳೆ ಎಂದೇ ನನಗೆ ಗೊತ್ತಿರಲಿಲ್ಲ.

"ಮನೇಲಿ ಕೇಳ್ತಾರಾ, ನನಗೇನಾಗಿದೆ ನೋಡು ಅಂತ?"

ಅದಕ್ಕೆ ಸರೋಜ ಬ್ಯಾಗಿನಿಂದ ಗೋಡೆ ಕ್ಯಾಲೆಂಡರಿನ ಮೂರು ಹಾಳೆ ತೆಗೆದಳು. ಪ್ರತಿ ತಾರೀಖಿನ ಚೌಕದಲ್ಲೂ ಪೆನ್ಸಿಲ್ಲಿನ ಸಣ್ಣ ಗೀಟುಗಳು. "ಕಣ್ಣು ಹಳದಿಯಾಗಿದ್ಯಾ ನೋಡೇ, ನಾಲಿಗೆ ನೋಡೇ, ನಾಡಿ ನೋಡೇ ಅಂತ ಕೇಳಿದಾಗಲೆಲ್ಲ ಒಂದು ಗೀಟು ಹಾಕಿದ್ದೀನಿ ಸಾರ್. ಕಮ್ಮಿ ಅಂದ್ರೆ ಹದಿನಾಲ್ಕು. ಹಬ್ಬದ ದಿನ ಇಪ್ಪತ್ತೊಂಬತ್ತು."

ನಾನು ಬೆಚ್ಚಿಬಿದ್ದೆ. "ಯಾಕೆ ಬರೆದೆ ಇದನ್ನ?"

"ನಂಬರ್ ಇಲ್ದೆ ನೀವು ಯಾರ ಮಾತೂ ನಂಬಲ್ವಲ್ಲ, ಅದಕ್ಕೆ" ಎಂದಳು. ಅವಳ ಧ್ವನಿಯಲ್ಲಿ ತಮಾಷೆ ಇರಲಿಲ್ಲ. ಅಷ್ಟು ಸಲವೂ ಅವಳು ಒಲೆ ಬಿಟ್ಟು, ಸೆಗಣಿ ಕೈ ತೊಳೆದುಕೊಂಡು ಬಂದು, ನನ್ನ ರೆಪ್ಪೆ ಕೆಳಗೆಳೆದು, ಏನೂ ಆಗಿಲ್ಲ ಎಂದು ಹೇಳಿದ್ದಾಳೆ. ಗೀಟು ನೋಡುತ್ತಾ ನನಗೆ ನಾಚಿಕೆಯಾಯಿತು.

ಡಾಕ್ಟರು ಕನ್ನಡಕ ತೆಗೆದು, "ಮುನಿರಾಜು, ನಿಮಗೆ ಕಾಯಿಲೆ ಇದೆ" ಎಂದರು.

ನಂಬುತ್ತೀರೋ ಇಲ್ಲವೋ, ಎದೆ ಧಸಕ್ಕೆಂದರೂ ಒಳಗೆಲ್ಲೋ ಖುಷಿಯಾಯಿತು! ನೋಡಿದೆಯಾ, ನಾನು ಹೇಳಲಿಲ್ಲವೇ ಎಂದು ಸರೋಜಳ ಕಡೆ ತಿರುಗಿದೆ.

"ದೊಡ್ಡ ಕಾಯಿಲೆ ಬಂದುಬಿಟ್ಟಿದೆ ಅನ್ನೋ ಭಯ. ಅದೇ ನಿಮ್ಮ ಕಾಯಿಲೆ. ಆರು ತಿಂಗಳಿಗಿಂತ ಜಾಸ್ತಿ ಇದೆ, ಎಷ್ಟು ಪರೀಕ್ಷೆ ಆದ್ರೂ ಹೋಗ್ತಿಲ್ಲ, ಮನೆ ಕೆಲಸ ಎಲ್ಲ ಕೆಡಿಸ್ತಿದೆ. ಇದಕ್ಕೆ ಹೆಸರಿದೆ, ಚಿಕಿತ್ಸೆ ಇದೆ."

"ಅಂದ್ರೆ ನಂದೆಲ್ಲ ನಾಟಕ ಅಂತೀರಾ? ನನಗೇನು ಹುಚ್ಚಾ?" ಎದ್ದೇ ನಿಂತಿದ್ದೆ.

"ನಾಟಕ ಅಲ್ಲ, ಹುಚ್ಚೂ ಅಲ್ಲ. ಎದೆ ಬಡಿದುಕೊಳ್ಳೋದು ನಿಜ, ನೋವು ನಿಜ. ಅದಕ್ಕೆ ನೀವು ಕೊಡೋ ಅರ್ಥ ಮಾತ್ರ ತಪ್ಪು. ಕೂತ್ಕೊಳ್ಳಿ."

ಕೂತೆ. "ಸರಿ, ಈ ಕಾಯಿಲೆಗೆ ಯಾವ ಟೆಸ್ಟು? ರಕ್ತಾನಾ, ಸ್ಕ್ಯಾನಿಂಗಾ?"

"ಯಾವ ಟೆಸ್ಟೂ ಇಲ್ಲ. ಬೇರೆ ಏನೂ ಇಲ್ಲ ಅಂತ ಇಷ್ಟೊಂದು ಟೆಸ್ಟು ಹೇಳಿವೆ. ಇನ್ನು ಕೇಳಿ ತಿಳ್ಕೊಳ್ಳೋದಷ್ಟೆ."

ಟೆಸ್ಟೇ ಇಲ್ಲದ ಕಾಯಿಲೆ! ಡಿಗ್ರಿ ನೋಡದೆ ಹಾಲಿಗೆ ನೀರು ಹಾಕಿದ್ದೀಯ ಎಂದು ನಾನು ಯಾರಿಗಾದರೂ ಹೇಳಿದರೆ ಪಾತ್ರೆ ತಲೆಗೆ ಬೀಳುತ್ತದೆ. "ರಿಪೋರ್ಟ್ ಇಲ್ದೆ ನಾನು ಹೆಂಗೆ ನಂಬೋದು ಸಾರ್?" ಎಂದು ಜಗಳಕ್ಕೇ ನಿಂತೆ. ಅವರು ಕ್ಯಾಲೆಂಡರಿನ ಹಾಳೆಗಳನ್ನು ನನ್ನ ಕಡೆ ಸರಿಸಿ, "ಇದಕ್ಕಿಂತ ಒಳ್ಳೆ ರಿಪೋರ್ಟ್ ನಾನು ನೋಡಿಲ್ಲ" ಎಂದರು.

ಇನ್ನು ಮೇಲೆ ಒಬ್ಬರೇ ಡಾಕ್ಟರು, ತಿಂಗಳಿಗೆ ಒಂದೇ ಸಲ ಭೇಟಿ, ಫೋನಿನಲ್ಲಿ ಕಾಯಿಲೆ ಹುಡುಕುವಂತಿಲ್ಲ, ನಾನು ಕೇಳಿದರೂ ಸರೋಜ ಉತ್ತರ ಹೇಳುವಂತಿಲ್ಲ ಎಂದರು. ಕೋಲಾರದಲ್ಲಿ ಮನಸ್ಸಿನ ಡಾಕ್ಟರೊಬ್ಬರಿಗೆ ಚೀಟಿ ಬರೆದುಕೊಟ್ಟರು. ಹೊರಡುವಾಗ, "ಇದು ಯಾವಾಗ ಶುರುವಾಯ್ತು?" ಎಂದು ಕೇಳಿದರು. "ತಕ್ಕಡಿ ಹತ್ತಿದಾಗ" ಎಂದೆ ನಾನು. "ಭಾವ ಹೋದಾಗ" ಎಂದಳು ಸರೋಜ. ಡಾಕ್ಟರು ನನ್ನನ್ನೇ ನೋಡುತ್ತಿದ್ದರು. ನಾನು ಫೈಲು ಕಟ್ಟಿದೆ.

ಈಗ ಹೇಳಿಬಿಡುತ್ತೇನೆ. ಅಣ್ಣ ಹೋದ ದಿನ ಬೆಳಿಗ್ಗೆ ಹಾಲು ತಗೊಂಡು ಡೈರಿಗೆ ಬಂದಿದ್ದ. ಸಾಲು ಬಾಗಿಲಾಚೆ ಹೋಗಿತ್ತು. ಅವನ ಸರದಿ ಬಂದಾಗ ಎದೆ ಉಜ್ಜಿಕೊಳ್ಳುತ್ತಾ, "ಲೇ ಮುನಿ, ಇಲ್ಲಿ ಯಾಕೋ ಹಿಂಡಿದಂಗಾಗ್ತಾ ಇದೆ ಕಣೋ" ಎಂದ. ನಾನು ಬುರುಡೆಯಿಂದ ತಲೆ ಎತ್ತಲಿಲ್ಲ. "ಏನಿಲ್ಲ, ಗ್ಯಾಸು. ಅಂಗಡೀಲಿ ಒಂದು ಸೋಡಾ ಕುಡಿದು ಹೋಗು" ಎಂದೆ. ಅವನು, "ಹಂಗಂತೀಯಾ?" ಎಂದ. ಎದುರಿನ ಅಂಗಡಿಯಲ್ಲಿ ಸೋಡಾ ಕುಡಿದು, ತೇಗಿ, ಅಲ್ಲಿಂದಲೇ ನನಗೆ ಕೈಯೆತ್ತಿ, "ಇಳೀತು ಕಣ್ಲಾ!" ಎಂದು ಕೂಗಿದ. ನಗುತ್ತಲೇ ಹೋದ. ಆಮೇಲೆ ನಾನು ಅವನನ್ನು ನೋಡಿದ್ದು ತೋಟದಲ್ಲಿ.

ಮೂವತ್ತು ಜನರ ಹಾಲಿನಲ್ಲಿ ಒಂದು ಲೋಟ ನೀರು ಬೆರೆತರೆ ಕಂಡುಹಿಡಿಯುವವನು ಒಡಹುಟ್ಟಿದವನ ಮುಖ ನೋಡಲಿಲ್ಲ. ಇದನ್ನು ನಾನು ಸರೋಜಳಿಗೂ ಹೇಳಿರಲಿಲ್ಲ. ಒಳಗೇ ಇಟ್ಟುಕೊಂಡು ಎರಡು ವರ್ಷ ನನ್ನ ಮೈಯ ಒಂದೊಂದು ಚುರುಕ್ಕಿಗೂ ಊರೂರು ಅಲೆದೆ. ಅಣ್ಣನಲ್ಲಿ ನೋಡದೆ ಬಿಟ್ಟದ್ದನ್ನೆಲ್ಲ ನನ್ನಲ್ಲಿ ನೋಡಿಕೊಳ್ಳುತ್ತಿದ್ದೆನೋ ಏನೋ, ನನಗೆ ಗೊತ್ತಿಲ್ಲ. ಅತ್ತಿಗೆಯ ಎದುರು ನಿಲ್ಲುವ ಧೈರ್ಯವಂತೂ ಇರಲಿಲ್ಲ.

ಕೋಲಾರದ ಮನಸ್ಸಿನ ಡಾಕ್ಟರಮ್ಮನ ಹತ್ತಿರ ಮೂರನೇ ಸಲ ಹೋದಾಗ ಬಾಯಿಬಿಟ್ಟೆ. ಆಕೆ ಸುಮ್ಮನೆ ಕೇಳಿಸಿಕೊಂಡು, "ಮುಂದಿನ ಸಲ ಬರೋದರೊಳಗೆ ಆ ಮನೆಗೆ ಒಂದು ಸಲ ಹೋಗಿ ಬನ್ನಿ" ಎಂದರು. ಆಯ್ತು ಎಂದೆ. ಮಾತ್ರೆ ಕೊಟ್ಟಿದ್ದರೆ ಸುಲಭವಿತ್ತು.

ಹೋದೆ. ಮಧ್ಯಾಹ್ನ ಮೂರು ಗಂಟೆ. ಅತ್ತಿಗೆ ಲಕ್ಷ್ಮೀದೇವಮ್ಮ ಜಗುಲಿಯ ಮೇಲೆ ಹುಣಸೆಹಣ್ಣು ಕುಟ್ಟಿ ಬೀಜ ತೆಗೆಯುತ್ತಿದ್ದರು. ನನ್ನನ್ನು ನೋಡಿ ಸುತ್ತಿಗೆ ಕೆಳಗಿಟ್ಟರು. ಮಣೆ ಸರಿಸಿದರು. ಕೂತವನು ಪೀಠಿಕೆಯಿಲ್ಲದೆ, ಸೋಡಾದವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ನನ್ನ ಧ್ವನಿ ನನಗೇ ಕೇಳಿಸುತ್ತಿರಲಿಲ್ಲ. ಬೈಯುತ್ತಾರೆ, ಎದ್ದು ಹೋಗು ಎನ್ನುತ್ತಾರೆ ಎಂದು ತಲೆ ಬಗ್ಗಿಸಿದ್ದೆ.

"ಡೈರಿಗೆ ಕಳಿಸಿದ್ದು ಯಾರು ಮುನಿರಾಜು?" ಎಂದರು ಅತ್ತಿಗೆ.

ತಲೆಯೆತ್ತಿದೆ.

"ಐದು ಗಂಟೆಗೇ ಎದ್ದು ಎದೆ ಹಿಡ್ಕೊಂಡು ಕೂತಿದ್ರು. ಏನಿಲ್ಲ, ಗ್ಯಾಸು ಅಂತ ಜೀರಿಗೆ ನೀರು ಕೊಟ್ಟೆ. ಹೊತ್ತಾಯ್ತು, ಹಾಲು ಹಾಕಿ ಬನ್ನಿ ಅಂತ ಕ್ಯಾನ್ ಕೈಗೆ ಕೊಟ್ಟೋಳು ನಾನು. ಯಾರಿಗೆ ಹೇಳಲಿ? ನಿನಗೆ ಹೇಳಾಣ ಅಂದ್ರೆ ನೀನು ಈ ಕಡೆಗೇ ಬರಲ್ಲ. ನಿನಗೆ ಗೊತ್ತಾಗಿ ನನ್ನ ಮೇಲೆ ಸಿಟ್ಟಾಗಿದ್ದೀಯ ಅಂದ್ಕೊಂಡಿದ್ದೆ."

ಅಯ್ಯೋ ದೇವರೇ! ಎರಡು ಮನೆಯ ಅಂತರದಲ್ಲಿ, ಎರಡು ವರ್ಷ, ಅದೇ ಮಾತನ್ನು ಇಬ್ಬರೂ ಬಾಯಲ್ಲಿಟ್ಟುಕೊಂಡು ಒಬ್ಬರಿಗೊಬ್ಬರು ಹೆದರಿಕೊಂಡು ಬದುಕಿದ್ದೆವು. ನನಗೆ ಅಳು ಬಂತು. ಅತ್ತಿಗೆ ಅಳಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡು ಬೇರೆಲ್ಲೋ ನೋಡುತ್ತಾ, "ನೀನಾದ್ರೂ ಡಾಕ್ಟರ ಹತ್ರ ಹೋದೆ" ಎಂದರು.

"ಅಂದ್ರೆ?"

"ನನಗೂ ವರ್ಷದಿಂದ ತಲೆ ಸಿಡಿಯುತ್ತೆ. ನಡೆದ್ರೆ ಎದೇಲಿ ಭಾರ, ಕಣ್ಣು ಕತ್ತಲೆ ಬರುತ್ತೆ. ಆಸ್ಪತ್ರೆ ಬೋರ್ಡು ಕಂಡ್ರೆ ಆ ಕಡೆ ಮುಖ ತಿರುಗಿಸ್ಕೊಂಡು ಹೋಗ್ತೀನಿ. ಹೋದ್ರೆ ಹೇಳ್ಬಿಡ್ತಾರೆ ಕಣಪ್ಪ. ಹೇಳ್ದೆ ಇದ್ರೆ ಕಾಯಿಲೆ ಇರಲ್ಲ ಅಂತ ಅಂದ್ಕೊಂಡಿದ್ದೀನಿ."

ಒಂದೇ ಭಯ. ಅದು ನನ್ನನ್ನು ನಾಲ್ಕು ತಾಲೂಕು ಸುತ್ತಿಸಿತು, ಅವರನ್ನು ಮನೆಯಿಂದ ಹೊರಕ್ಕೇ ಬಿಡಲಿಲ್ಲ. ನನ್ನ ನಾಲಿಗೆ, ನನ್ನ ಗಂಟು, ನನ್ನ ತೂಕ ಎಂದು ನಾನು ಕುಣಿದಾಡುವಾಗ ಊರೆಲ್ಲ ನನ್ನನ್ನೇ ನೋಡುತ್ತಿತ್ತು. ಬಾಯಿಬಿಡದ ಈ ಹೆಂಗಸನ್ನು ಯಾರೂ ನೋಡಲಿಲ್ಲ. ನನಗೆ ನನ್ನ ಮೇಲೆ ಅಸಹ್ಯ ಬಂತು, ಸುಳ್ಳೇಕೆ ಹೇಳಲಿ.

ನೀವು ಗಾಬರಿಯಾಗಬಾರದೆಂದು ಮೊದಲೇ ಹೇಳುತ್ತೇನೆ. ಅತ್ತಿಗೆ ಈಗ ಚೆನ್ನಾಗಿದ್ದಾರೆ. ಹೃದಯಕ್ಕೆ ಏನೂ ಆಗಿರಲಿಲ್ಲ. ಬಿಪಿ ವಿಪರೀತ ಏರಿತ್ತು, ಸಕ್ಕರೆಯೂ ಇತ್ತು, ಹೀಗೇ ಬಿಟ್ಟಿದ್ದರೆ ಕಷ್ಟವಿತ್ತಂತೆ. ಈಗ ಮಾತ್ರೆ ನುಂಗುತ್ತಾರೆ, ಉಪ್ಪು ಕಮ್ಮಿ ಎಂದು ಸೊಸೆಯ ಸಾರಿಗೆ ಮುಖ ಗಂಟಿಕ್ಕುತ್ತಾರೆ. ನಾನೂ ಸುಧಾರಿಸಿದ್ದೇನೆ, ಪೂರ್ತಿಯಲ್ಲ. ಸರೋಜಳ ಗೀಟು ದಿನಕ್ಕೆ ಎರಡೋ ಮೂರೋ.

ಆದರೆ ಅದೆಲ್ಲ ಆಮೇಲೆ ಗೊತ್ತಾದದ್ದು. ಹುಣಸೆಹಣ್ಣಿನ ಮಾರನೇ ದಿನ ನಾವಿಬ್ಬರೂ ಮುಳಬಾಗಿಲಿನ ಆ ಡಾಕ್ಟರ ಎದುರು ಕೂತಿದ್ದಾಗ ಏನೂ ಗೊತ್ತಿರಲಿಲ್ಲ. ಅವರು ನನ್ನನ್ನು ನೋಡುತ್ತಲೇ, "ಮುನಿರಾಜು, ಇನ್ನೂ ತಿಂಗಳಾಗಿಲ್ಲ" ಎಂದರು. "ನನಗಲ್ಲ ಸಾರ್, ನಮ್ಮತ್ತಿಗೆಗೆ" ಎಂದೆ. ಅವರು ಅತ್ತಿಗೆಯ ತೋಳಿಗೆ ಪಟ್ಟಿ ಸುತ್ತಿ ಗಾಳಿ ತುಂಬಿದರು. ಒಂದು ಸಲ ನೋಡಿದರು. ಪಟ್ಟಿ ಸಡಿಲಿಸಿ ಎರಡನೇ ಸಲ ನೋಡಿದರು. ಮಾತಾಡದೆ ಇಸಿಜಿ ಯಂತ್ರ ತರಲು ಎದ್ದು ಹೋದರು.

ಅತ್ತಿಗೆಯ ಮುಖದಲ್ಲಿ ರಕ್ತವೇ ಇರಲಿಲ್ಲ. ನನ್ನ ಮುಂಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡು, "ಏನಾಗಿದೆ ಮುನಿರಾಜು? ನಾನೂ ಹೋಗ್ಬಿಡ್ತೀನಾ?" ಎಂದು ಕೇಳಿದರು.

ಈ ಪ್ರಶ್ನೆಯನ್ನು ಎರಡು ವರ್ಷ ನಾನು ಕಂಡಕಂಡವರನ್ನು ಕೇಳಿದ್ದೆ. ನನ್ನನ್ನು ಯಾರೂ ಕೇಳಿರಲಿಲ್ಲ. ಏನಿಲ್ಲ ಎಂಬ ಮಾತು ನಾಲಿಗೆಯ ತುದಿಗೇ ಬಂತು. ಅವರಿಗೆ ಬೇಕಾದದ್ದೂ ಅದೇ. ನನ್ನ ಎದೆ ಡವಡವ ಬಡಿಯುತ್ತಿತ್ತು, ಆದರೆ ನಾಡಿ ಹಿಡಿದು ನೋಡಿಕೊಳ್ಳಲು ಕೈ ಖಾಲಿ ಇರಲಿಲ್ಲ.

"ಗೊತ್ತಿಲ್ಲ ಅತ್ತಿಗೆ" ಎಂದೆ, ಅವರ ಮುಖ ನೋಡುತ್ತಾ. "ಗೊತ್ತಾಗೋವರೆಗೂ ನಾನು ಇಲ್ಲಿಂದ ಏಳಲ್ಲ."